ಹೊಸ ಡೇಟಾಬೇಸ್ ಸರ್ವರ್‌ನಲ್ಲಿ ಫ್ಲೋಟಿಂಗ್ ಪಾಯಿಂಟ್ ಲೆಕ್ಕ ನಿಧಾನವಾದರೆ: ದೋಷ ಹುಡುಕುವ ಬಗೆ

ದೂರು ಬಹುಪಾಲು ಒಂದೇ ರೂಪದಲ್ಲಿ ಬರುತ್ತದೆ. ಹಳೆಯ ಡೇಟಾಬೇಸ್ ಸರ್ವರ್ ತೆಗೆದು ಎರಡು ಮೂರು ತಲೆಮಾರು ಹೊಸದಾದ ಪ್ರೊಸೆಸರ್ ಇರುವ ಯಂತ್ರ ಕೂರಿಸಿರುತ್ತಾರೆ. ಕೋರ್‌ಗಳು ದುಪ್ಪಟ್ಟು, ಮೆಮೊರಿ ಇನ್ನೂ ಹೆಚ್ಚು. ಹಗಲಿನ ವಹಿವಾಟು ಸಲೀಸಾಗಿ ನಡೆಯುತ್ತದೆ. ಆದರೆ ರಾತ್ರಿ ಓಡುವ ಬಡ್ಡಿ ಲೆಕ್ಕವೋ, ಸರಾಸರಿ ಮತ್ತು ವಿಚಲನೆ ತೆಗೆಯುವ ವರದಿಯೋ ಮೊದಲಿಗಿಂತ ತಡವಾಗಿ ಮುಗಿಯುತ್ತದೆ. ಕೂಡಲೇ ಯಾರೋ ಒಬ್ಬರು ‘ಹೊಸ ಚಿಪ್‌ನ ಫ್ಲೋಟಿಂಗ್ ಪಾಯಿಂಟ್ ಘಟಕ ಬಲಹೀನ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಫ್ಲೋಟಿಂಗ್ ಪಾಯಿಂಟ್ ಎಂದರೆ ಭಿನ್ನಾಂಶವಿರುವ ಸಂಖ್ಯೆಗಳನ್ನು ಯಂತ್ರ ಬೈನರಿ ರೂಪದಲ್ಲಿ ಅಂದಾಜಾಗಿ ಇಡುವ ಬಗೆ, ಆ ಲೆಕ್ಕ ಮಾಡುವ ಪ್ರೊಸೆಸರ್‌ನ ಭಾಗವೇ ಈ ಘಟಕ. ಹಾಗಾಗುವುದು ಅಸಾಧ್ಯವೇನಲ್ಲ, ಮುಂದೆ ಅಂಥ ಎರಡು ನಿಜವಾದ ಪ್ರಕರಣಗಳನ್ನು ಹೇಳುತ್ತೇನೆ. ಆದರೆ ಅದು ಪಟ್ಟಿಯ ಕೊನೆಗೆ ಇರಬೇಕಾದ ಸಂಶಯ. ಹೆಚ್ಚಿನ ಬಾರಿ ಆ ಲೆಕ್ಕ ಫ್ಲೋಟಿಂಗ್ ಪಾಯಿಂಟ್ ಘಟಕದ ಬಾಗಿಲಿಗೂ ಹೋಗಿರುವುದಿಲ್ಲ.

ಇಲ್ಲಿನ ಉದಾಹರಣೆಗಳು ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವು. ಬೇರೆ ಡೇಟಾಬೇಸ್‌ಗಳು ಎಲ್ಲಿ ಭಿನ್ನವೋ ಅಲ್ಲಿ ಹೇಳಿದ್ದೇನೆ.

ಮೂರು ಅಳತೆ, ಮೂರು ಅನುಪಾತ

ಹಳೆಯ ಯಂತ್ರ ಇನ್ನೂ ಕೈಯಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಎರಡೂ ಕಡೆ ಮೂರು ಪದರಗಳಲ್ಲಿ ಅಳೆಯಿರಿ.

ಮೊದಲನೆಯದು ಡೇಟಾಬೇಸ್ ಇಲ್ಲದ ಬರಿಯ ಲೂಪ್. ಡಬಲ್ (64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್) ಸಂಖ್ಯೆಗಳನ್ನು ಗುಣಿಸಿ ಕೂಡುವ ಹತ್ತು ಸಾಲಿನ ಸಿ ಪ್ರೋಗ್ರಾಮ್ ಸಾಕು. ಅದನ್ನು ಹಳೆಯ ಯಂತ್ರದಲ್ಲಿ ಕಂಪೈಲ್ ಮಾಡಿ, ಅದೇ ಬೈನರಿ ಕಡತವನ್ನು ಹೊಸದಕ್ಕೆ ನಕಲಿಸಿ ಓಡಿಸಿ. ಎರಡು ಕಡೆ ಬೇರೆ ಬೇರೆಯಾಗಿ ಕಂಪೈಲ್ ಮಾಡಿದರೆ ನೀವು ಅಳೆಯುವುದು ಪ್ರೊಸೆಸರನ್ನಲ್ಲ, ಕಂಪೈಲರನ್ನು. ಇದರಲ್ಲಿ ಘಾತ, ಲಾಗರಿದಮ್ ಮುಂತಾದ ಲೈಬ್ರರಿ ಫಂಕ್ಷನ್‌ಗಳು ಬೇಡ. ಅವುಗಳ ಸರದಿ ಆಮೇಲೆ ಬರುತ್ತದೆ.

ಎರಡನೆಯದು ಡೇಟಾಬೇಸ್ ಒಳಗೆ, ಆದರೆ ಯಾವ ಟೇಬಲ್ ಅನ್ನೂ ಮುಟ್ಟದ ಲೆಕ್ಕ. ಜನರೇಟ್ ಸೀರೀಸ್ ಫಂಕ್ಷನ್‌ನಿಂದ ಒಂದು ಕೋಟಿ ಪೂರ್ಣಾಂಕ ಹುಟ್ಟಿಸಿ, ಪ್ರತಿಯೊಂದನ್ನೂ ಫ್ಲೋಟ್8 (ಪೋಸ್ಟ್‌ಗ್ರೆಸ್‌ನಲ್ಲಿ ಡಬಲ್‌ನ ಹೆಸರು) ಬಗೆಗೆ ಬದಲಿಸಿ, ವರ್ಗಮೂಲ ತೆಗೆದು ಕೂಡಿಸಿ. ಇಲ್ಲೊಂದು ಸಣ್ಣ ಹೊಂಡವಿದೆ. ಆ ಫಂಕ್ಷನ್ ಅನ್ನು ಫ್ರಮ್ ಭಾಗದಲ್ಲಿ ಇಟ್ಟರೆ ಪೋಸ್ಟ್‌ಗ್ರೆಸ್ ಎಲ್ಲ ಸಾಲುಗಳನ್ನೂ ಮೊದಲು ಒಂದೆಡೆ ಕೂಡಿಹಾಕುತ್ತದೆ. ಇದಕ್ಕೆ ಬಳಸಬಹುದಾದ ಮೆಮೊರಿಯ ಮಿತಿಯಾದ ವರ್ಕ್ ಮೆಮ್ ದಾಟಿದರೆ ಡಿಸ್ಕ್‌ಗೆ ಬರೆಯುತ್ತದೆ. ಆಗ ನಿಮ್ಮ ಅಳತೆಯಲ್ಲಿ ಡಿಸ್ಕ್ ಬೆರೆತುಹೋಯಿತು. ಒಳ ಕ್ವೆರಿಯ ಸೆಲೆಕ್ಟ್ ಭಾಗದಲ್ಲಿ ಇಟ್ಟರೆ ಆ ತೊಂದರೆಯಿಲ್ಲ.

ಮೂರನೆಯದು ದೂರಿಗೆ ಕಾರಣವಾದ ನಿಜವಾದ ಕ್ವೆರಿ. ಒಮ್ಮೆ ಓಡಿಸಿ ದತ್ತಾಂಶ ಮೆಮೊರಿಗೆ ಬಂದ ಮೇಲಿನ ಸಮಯವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಮಾನಾಂತರ ವರ್ಕರ್‌ಗಳನ್ನು ಸೊನ್ನೆಗೆ ಇಳಿಸಿ, ಜಿಟ್ (ಕ್ವೆರಿಯನ್ನು ಓಡುವ ಹೊತ್ತಿನಲ್ಲೇ ಯಂತ್ರಭಾಷೆಗೆ ಕಂಪೈಲ್ ಮಾಡುವ ಸೌಲಭ್ಯ) ನಿಲ್ಲಿಸಿ. ಇಲ್ಲದಿದ್ದರೆ ಎಂಟು ಕೋರ್ ಹಂಚಿಕೊಂಡ ಕೆಲಸವನ್ನು ಎರಡು ಕೋರ್ ಹಂಚಿಕೊಂಡ ಕೆಲಸದ ಪಕ್ಕ ಇಟ್ಟು ಜಗಳವಾಡಿದಂತಾಗುತ್ತದೆ.

ಈಗ ಪ್ರತಿ ಪದರದಲ್ಲೂ ಹೊಸ ಯಂತ್ರದ ಸಮಯವನ್ನು ಹಳೆಯದರ ಸಮಯದಿಂದ ಭಾಗಿಸಿ. ಮೂರೂ ಅನುಪಾತಗಳು ಸುಮಾರಾಗಿ ಒಂದೇ ಇದ್ದು ಎಲ್ಲವೂ ಒಂದಕ್ಕಿಂತ ಹೆಚ್ಚಿದ್ದರೆ ದೋಷ ಕೆಳಗೇ ಇದೆ: ಕ್ಲಾಕ್ ವೇಗ, ವಿದ್ಯುತ್ ಉಳಿತಾಯ, ವರ್ಚುವಲ್ ಯಂತ್ರದ ಸಂರಚನೆ. ಮೊದಲನೆಯದು ಚೆನ್ನಾಗಿದ್ದು ಎರಡನೆಯದರಲ್ಲಿ ಅನುಪಾತ ಜಿಗಿದರೆ ಡೇಟಾಬೇಸ್ ಆವೃತ್ತಿಯನ್ನೋ ಲೈಬ್ರರಿಯನ್ನೋ ನೋಡಿ. ಮೂರನೆಯದರಲ್ಲಿ ಮಾತ್ರ ಜಿಗಿದರೆ ಸಂಖ್ಯೆಯ ಬಗೆ, ಮೆಮೊರಿ ಅಥವಾ ಕ್ವೆರಿ ಯೋಜನೆ ಕಾರಣ. ಅನುಪಾತ ಯಾವ ಮೆಟ್ಟಿಲಲ್ಲಿ ಕೆಡುತ್ತದೋ ಅಲ್ಲಿಯೇ ಅಗೆಯಬೇಕು.

ಅಳೆಯುವ ಸಾಧನವೇ ಸುಳ್ಳು ಹೇಳುವುದೂ ಉಂಟು. ಕ್ವೆರಿಯ ಪ್ರತಿ ಹಂತದ ಸಮಯ ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಆಜ್ಞೆ ಪ್ರತಿ ಸಾಲಿಗೂ ಗಡಿಯಾರ ಕೇಳುತ್ತದೆ. ಹೊಸ ಯಂತ್ರದಲ್ಲಿ ಕರ್ನಲ್ ಪ್ರೊಸೆಸರ್ ಒಳಗಿನ ವೇಗದ ಗಡಿಯಾರವಾದ ಟಿಎಸ್‌ಸಿ ಬಿಟ್ಟು ಎಚ್‌ಪಿಇಟಿ ಅಥವಾ ಎಸಿಪಿಐ ಗಡಿಯಾರಕ್ಕೆ ಇಳಿದಿದ್ದರೆ ಆ ಕೇಳುವಿಕೆಯೇ ದುಬಾರಿಯಾಗುತ್ತದೆ, ಲೆಕ್ಕ ನಿಧಾನವಾದಂತೆ ಕಾಣುತ್ತದೆ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಟೆಸ್ಟ್ ಟೈಮಿಂಗ್ ಉಪಕರಣ ಇದನ್ನು ಕೆಲವೇ ಸೆಕೆಂಡಿನಲ್ಲಿ ತೋರಿಸಿಕೊಡುತ್ತದೆ. ಟೈಮಿಂಗ್ ಆಯ್ಕೆ ನಿಲ್ಲಿಸಿ ಎಕ್ಸ್‌ಪ್ಲೇನ್ ಓಡಿಸಿದಾಗ ಒಟ್ಟು ಸಮಯ ಧುತ್ತನೆ ಇಳಿದರೆ ರೋಗ ಇದೇ.

ಲೆಕ್ಕ ಮಾಡುತ್ತಿರುವವರು ಯಾರು?

ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಡುವ ಪ್ರಶ್ನೆ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ ಬಗೆಯ ಸಂಖ್ಯೆಯನ್ನು ಫ್ಲೋಟಿಂಗ್ ಪಾಯಿಂಟ್ ಘಟಕ ಕಣ್ಣೆತ್ತಿಯೂ ನೋಡುವುದಿಲ್ಲ. ಆ ಸಂಖ್ಯೆಯನ್ನು ನಾಲ್ಕು ನಾಲ್ಕು ದಶಮಾಂಶ ಅಂಕಿಗಳ ಗುಂಪುಗಳಾಗಿ, ಅಂದರೆ 10,000 ಆಧಾರದಲ್ಲಿ, ಎರಡು ಬೈಟ್‌ನ ಪೂರ್ಣಾಂಕಗಳ ಸಾಲಾಗಿ ಇಟ್ಟಿರುತ್ತಾರೆ. ಗುಣಾಕಾರ ಶಾಲೆಯಲ್ಲಿ ಸ್ಲೇಟಿನ ಮೇಲೆ ದಶಕ ಹೊತ್ತುಕೊಂಡು ಮಾಡುತ್ತಿದ್ದ ರೀತಿಯಲ್ಲೇ, ಸಾಫ್ಟ್‌ವೇರ್‌ನಲ್ಲಿ, ಪೂರ್ಣಾಂಕ ಸೂಚನೆಗಳ ಮೂಲಕ ನಡೆಯುತ್ತದೆ. ಒರಾಕಲ್‌ನ ನಂಬರ್ ಕೂಡ ಇದೇ ಜಾತಿಯದು, ಅದರ ಆಧಾರ 100. ಮೈಎಸ್‌ಕ್ಯೂಎಲ್‌ನ ಡೆಸಿಮಲ್ ಒಂಬತ್ತು ಅಂಕಿಗಳನ್ನು ನಾಲ್ಕು ಬೈಟ್‌ಗೆ ತುಂಬುತ್ತದೆ. ಯಂತ್ರದ ಫ್ಲೋಟಿಂಗ್ ಪಾಯಿಂಟ್ ಬೇಕೆಂದರೆ ಪೋಸ್ಟ್‌ಗ್ರೆಸ್‌ನಲ್ಲಿ ಫ್ಲೋಟ್8, ಒರಾಕಲ್‌ನಲ್ಲಿ 10ಜಿ ಆವೃತ್ತಿಯಿಂದ ಬಂದ ಬೈನರಿ ಡಬಲ್, ಮೈಎಸ್‌ಕ್ಯೂಎಲ್‌ನಲ್ಲಿ ಡಬಲ್ ಬಳಸಬೇಕು.

ಹಾಗಿದ್ದೂ ‘ನಮ್ಮ ಕಾಲಂ ನ್ಯೂಮರಿಕ್ ಅಲ್ಲವಲ್ಲ’ ಎನ್ನುವವರು ಬಹಳ. ನ್ಯೂಮರಿಕ್ ಕದ್ದು ಒಳಗೆ ಬರುವ ದಾರಿಗಳು ಹಲವಿವೆ. ಮೊತ್ತವನ್ನು ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಟ್ಟು, ಶೇಕಡಾ 18 ಜಿಎಸ್‌ಟಿ ಸೇರಿಸಲು 1.18ರಿಂದ ಗುಣಿಸಿದರೆ ಪೋಸ್ಟ್‌ಗ್ರೆಸ್ ಆ 1.18 ಅನ್ನು ನ್ಯೂಮರಿಕ್ ಎಂದೇ ಓದುತ್ತದೆ, ಇಡೀ ಗುಣಾಕಾರ ನ್ಯೂಮರಿಕ್ ಆಗುತ್ತದೆ. ಬಿಗ್‌ಇಂಟ್ ಕಾಲಂನ ಮೊತ್ತದ ಉತ್ತರವೂ ಯಾವುದೇ ಪೂರ್ಣಾಂಕ ಕಾಲಂನ ಸರಾಸರಿಯೂ ನ್ಯೂಮರಿಕ್. ಎರಡು ಸ್ಥಾನಕ್ಕೆ ದುಂಡಾಗಿಸುವ ರೌಂಡ್ ಫಂಕ್ಷನ್ ನ್ಯೂಮರಿಕ್‌ಗೆ ಮಾತ್ರ ಇದೆ, ಫ್ಲೋಟ್8ಗೆ ಇಲ್ಲ. ಹೀಗಾಗಿ ಡೆವಲಪರ್‌ಗಳು ದೋಷದ ಸಂದೇಶ ನೋಡಿದೊಡನೆ ಬಗೆಯನ್ನು ನ್ಯೂಮರಿಕ್‌ಗೆ ಬದಲಿಸುವ ಕ್ಯಾಸ್ಟ್ ಹಾಕಿ ಮುಂದೆ ಹೋಗಿಬಿಡುತ್ತಾರೆ. ಚಕ್ರಬಡ್ಡಿಗೆ 1.08ರ 12ನೇ ಘಾತವನ್ನು ಪವರ್ ಫಂಕ್ಷನ್‌ನಲ್ಲಿ ಬರೆದರೆ ಅದೂ ನ್ಯೂಮರಿಕ್ ಆವೃತ್ತಿಗೇ ಹೋಗುತ್ತದೆ. ಲಕ್ಷಾಂತರ ಸಾಲುಗಳಿಗೆ ನ್ಯೂಮರಿಕ್ ಘಾತ ತೆಗೆಯುವುದು ಸಣ್ಣ ಕೆಲಸವಲ್ಲ.

ಊಹೆಯ ಬದಲು, ಯಾವ ಫಂಕ್ಷನ್‌ನಲ್ಲಿ ಎಷ್ಟು ಸಮಯ ಹೋಗುತ್ತಿದೆಯೆಂದು ತೋರಿಸುವ ಪರ್ಫ್ ಟಾಪ್ ತೆರೆದು ಡೇಟಾಬೇಸ್ ಪ್ರಕ್ರಿಯೆಯನ್ನು ನೋಡಿ. ಮೇಲಿನ ಸಾಲುಗಳಲ್ಲಿ ಮಲ್ ವಾರ್, ಡಿವ್ ವಾರ್, ಆಡ್ ವಾರ್ ಎಂಬ ಹೆಸರುಗಳಿದ್ದರೆ ನೀವು ಅಳೆಯುತ್ತಿರುವುದು ಸಾಫ್ಟ್‌ವೇರ್ ದಶಮಾಂಶ ಲೆಕ್ಕವನ್ನು. ಫ್ಲೋಟ್8 ಎಂದು ಶುರುವಾಗುವಂಥ ಫಂಕ್ಷನ್‌ಗಳಿದ್ದರೆ ಫ್ಲೋಟಿಂಗ್ ಪಾಯಿಂಟ್ ಮಾತಿಗೆ ಅರ್ಥವಿದೆ.

ಇದಕ್ಕೆ ಹಣದ ಕಾಲಂಗಳನ್ನು ಫ್ಲೋಟ್8ಗೆ ಬದಲಿಸುವುದು ಪರಿಹಾರವಲ್ಲ. 0.1 ಅನ್ನು ಹತ್ತು ಬಾರಿ ಕೂಡಿದರೆ ಡಬಲ್‌ನಲ್ಲಿ 0.9999999999999999 ಬರುತ್ತದೆ. ಲೆಕ್ಕಪರಿಶೋಧಕರಿಗೆ ಫ್ಲೋಟಿಂಗ್ ಪಾಯಿಂಟ್‌ನ ಐಇಇಇ 754 ಮಾನಕ ವಿವರಿಸುವ ಉಸಾಬರಿ ಯಾರಿಗೂ ಬೇಡ. ಪೈಸೆ ಪೂರ್ಣಾಂಕವಾಗಿದ್ದರೆ ಲೆಕ್ಕವನ್ನೂ ಪೂರ್ಣಾಂಕದಲ್ಲೇ ಮುಗಿಸಿ: 118ರಿಂದ ಗುಣಿಸಿ, 50 ಕೂಡಿಸಿ, 100ರಿಂದ ಭಾಗಿಸಿದರೆ ಧನ ಮೊತ್ತಗಳಿಗೆ ಸರಿಯಾಗಿ ದುಂಡಾದ ಉತ್ತರ ಸಿಗುತ್ತದೆ. ಬಡ್ಡಿ ಘಾತಗಳನ್ನು ಪ್ರತಿ ಸಾಲಿಗೂ ತೆಗೆಯದೆ ದರ ಮತ್ತು ಅವಧಿಗೆ ಒಂದರಂತೆ ಸಣ್ಣ ಟೇಬಲ್‌ನಲ್ಲಿ ಲೆಕ್ಕ ಹಾಕಿಟ್ಟು ಜೋಡಿಸಿಕೊಳ್ಳಿ. ಸಂವೇದಕಗಳ ಅಳತೆ, ಅಕ್ಷಾಂಶ ರೇಖಾಂಶ, ಅಂಕಿಅಂಶದ ಮಾದರಿಗಳು ನ್ಯೂಮರಿಕ್‌ನಲ್ಲಿ ಕುಳಿತಿದ್ದರೆ ಅವನ್ನು ಮಾತ್ರ ಧೈರ್ಯವಾಗಿ ಫ್ಲೋಟ್8ಗೆ ಕಳಿಸಿ.

ನಿಜವಾದ ಫ್ಲೋಟ್8 ಕಾಲಂನಲ್ಲೂ ಸಮಯ ಬೇರೆಡೆ ಸೋರುತ್ತಿರಬಹುದು. ಸರಾಸರಿ ತೆಗೆಯುವ ಫಂಕ್ಷನ್ ಒಳಗೊಳಗೇ ವಿಚಲನೆಗೆ ಬೇಕಾದ ಮೊತ್ತವನ್ನೂ ಒಟ್ಟುಮಾಡುತ್ತಾ ಹೋಗುತ್ತದೆ. 12ನೇ ಆವೃತ್ತಿಯಿಂದ ಅದರಲ್ಲಿ ಪ್ರತಿ ಸಾಲಿಗೂ ಒಂದು ಭಾಗಾಕಾರವಿದೆ. ಬರಿಯ ಸರಾಸರಿ ಸಾಕೆಂದಿದ್ದರೆ ಮೊತ್ತವನ್ನು ಎಣಿಕೆಯಿಂದ ಭಾಗಿಸುವುದು ಅಗ್ಗ. ಇನ್ನೊಂದು ಸೋರಿಕೆ ಸಂಖ್ಯೆಯನ್ನು ಪಠ್ಯಕ್ಕೆ ಬದಲಿಸುವುದು. 2019ರಲ್ಲಿ ಬಂದ 12ನೇ ಆವೃತ್ತಿ ಇದಕ್ಕೆ ರ್‍ಯು ಎಂಬ ವೇಗದ ವಿಧಾನ ಅಳವಡಿಸಿಕೊಂಡಿತು. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಕೋಟಿಗಟ್ಟಲೆ ಫ್ಲೋಟ್‌ಗಳನ್ನು ಕಾಪಿ ಆಜ್ಞೆಯಿಂದ ಹೊರತೆಗೆಯುವಾಗ ಲೆಕ್ಕಕ್ಕಿಂತ ಮುದ್ರಣಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಕ್ಲಾಕ್ ವೇಗ

ಮೊದಲ ಪದರದಲ್ಲೇ ಹೊಸ ಯಂತ್ರ ಸೋತಿದ್ದರೆ ಮೊದಲು ಚಿಪ್‌ನ ವಿವರಪಟ್ಟಿ ಓದಿ. 2013ರ ಕ್ಸಿಯಾನ್ ಇ5-2667 ವಿ2 ಎಂಟು ಕೋರ್‌ನದು, ಮೂಲ ವೇಗ 3.3 ಗಿಗಾಹರ್ಟ್ಸ್, ಟರ್ಬೊದಲ್ಲಿ (ತಾತ್ಕಾಲಿಕವಾಗಿ ಏರುವ ವೇಗ) 4.0. 2017ರ ಕ್ಸಿಯಾನ್ ಗೋಲ್ಡ್ 6130 ಹದಿನಾರು ಕೋರ್‌ನದು, ಮೂಲ ವೇಗ 2.1, ಟರ್ಬೊದಲ್ಲಿ 3.7. ಒಂದೇ ಕೋರ್ ಮೇಲೆ ಓಡುವ ಕ್ವೆರಿಗೆ ಹದಿನಾರು ಕೋರ್‌ಗಳಿಂದ ಯಾವ ಸುಖವೂ ಇಲ್ಲ. ಟರ್ಬೊ ಏರದಿದ್ದರೆ ಹೊಸ ಚಿಪ್‌ನ ವಾಸ್ತುವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಆ ಅಂತರ ತುಂಬುವುದು ಕಷ್ಟ. ಖರೀದಿ ಸಮಿತಿಗಳು ಕೋರ್ ಎಣಿಸುತ್ತವೆ, ಗಿಗಾಹರ್ಟ್ಸ್ ಎಣಿಸುವುದಿಲ್ಲ. ಲೈಸೆನ್ಸ್ ಶುಲ್ಕ ಮಾತ್ರ ಕೋರ್ ಲೆಕ್ಕದಲ್ಲೇ ಬರುತ್ತದೆ.

ಕ್ವೆರಿ ಓಡುತ್ತಿರುವಾಗಲೇ ಟರ್ಬೊಸ್ಟ್ಯಾಟ್ ಹಾಕಿ, ಕೆಲಸದಲ್ಲಿರುವ ಕೋರ್‌ನ ನಿಜವಾದ ಮೆಗಾಹರ್ಟ್ಸ್ ನೋಡಿ. ಕಡಿಮೆಯಿದ್ದರೆ ಗವರ್ನರ್ (ಕ್ಲಾಕ್ ವೇಗ ನಿರ್ಧರಿಸುವ ಕರ್ನಲ್‌ನ ನೀತಿ) ಪರೀಕ್ಷಿಸಿ. ಇಲ್ಲಿ ಹೆಸರಿನ ಗೊಂದಲವೊಂದಿದೆ. ಹಳೆಯ ಎಸಿಪಿಐ ಚಾಲಕದಲ್ಲಿ ಪವರ್‌ಸೇವ್ ಎಂದರೆ ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುವುದು. ಇಂಟೆಲ್ ಪಿ-ಸ್ಟೇಟ್ ಚಾಲಕದಲ್ಲಿ ಅದೇ ಹೆಸರಿನ ಗವರ್ನರ್ ಕೆಲಸಕ್ಕೆ ತಕ್ಕಂತೆ ವೇಗ ಏರಿಸುತ್ತದೆ. ಎರಡನೆಯದನ್ನು ನೋಡಿ ಬೆಚ್ಚಿಬೀಳಬೇಕಾಗಿಲ್ಲ, ಆದರೂ ಡೇಟಾಬೇಸ್ ಯಂತ್ರದಲ್ಲಿ ಪರ್ಫಾರ್ಮೆನ್ಸ್ ಇಟ್ಟು ಮತ್ತೊಮ್ಮೆ ಅಳೆಯುವುದು ಒಳ್ಳೆಯದು. ವಿಂಡೋಸ್ ಸರ್ವರ್‌ನಲ್ಲಿ ತಾನಾಗಿ ಬರುವ ವಿದ್ಯುತ್ ಯೋಜನೆ ಬ್ಯಾಲೆನ್ಸ್ಡ್. ಎಸ್‌ಕ್ಯೂಎಲ್ ಸರ್ವರ್ ನಡೆಸುವವರು ಅದನ್ನು ಮೊದಲ ದಿನವೇ ಬದಲಿಸಬೇಕು. ಬಯಾಸ್‌ನಲ್ಲಿರುವ ವಿದ್ಯುತ್ ಆಯ್ಕೆ ಇವೆರಡನ್ನೂ ಮೀರಬಲ್ಲದು, ಅದನ್ನೂ ನೋಡಿ. ಎರಡು ವಿದ್ಯುತ್ ಪೂರೈಕೆ ಘಟಕಗಳಲ್ಲಿ ಒಂದು ಸತ್ತಿದ್ದರೆ ಕೆಲವು ಸರ್ವರ್‌ಗಳು ಸದ್ದಿಲ್ಲದೆ ವೇಗ ಇಳಿಸುತ್ತವೆ. ಕೆಂಪು ದೀಪ ಉರಿಯುತ್ತಿರುತ್ತದೆ, ಆದರೆ ಡೇಟಾಬೇಸ್ ನೋಡಿಕೊಳ್ಳುವವರು ಸರ್ವರ್ ಕೋಣೆಗೆ ಹೋಗುವುದೇ ಅಪರೂಪ.

ಒಂದೇ ಬಾರಿಗೆ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಎವಿಎಕ್ಸ್-512 ಸೂಚನೆಗಳ ಬಗ್ಗೆ ಒಂದು ಮಾತು. ಇಂಟೆಲ್‌ನ ಸ್ಕೈಲೇಕ್ ಸರ್ವರ್ ಚಿಪ್‌ಗಳಲ್ಲಿ ಆ ಅಗಲವಾದ ಸೂಚನೆಗಳು ಭಾರಿಯಾಗಿ ಓಡಿದಾಗ ಕೋರ್ ತನ್ನ ವೇಗ ಇಳಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಸಾಮಾನ್ಯ ಪೋಸ್ಟ್‌ಗ್ರೆಸ್ ಕ್ವೆರಿಯ ನಿಧಾನಕ್ಕೆ ಅದನ್ನು ಹೊಣೆ ಮಾಡುವುದು ಅನ್ಯಾಯ. ಡೆಬಿಯನ್, ಉಬುಂಟುಗಳ 64 ಬಿಟ್ ಪ್ಯಾಕೇಜುಗಳನ್ನು ಮೂಲ ಎಕ್ಸ್86-64 ಮಟ್ಟಕ್ಕೆ, ಅಂದರೆ ಹಳೆಯ, ಕಡಿಮೆ ಅಗಲದ ಎಸ್‌ಎಸ್‌ಇ2 ಸೂಚನೆಗಳಿಗೆ ಕಂಪೈಲ್ ಮಾಡಿರುತ್ತಾರೆ. ಸಾಲು ಸಾಲಾಗಿ ಕೂಡುವ ಡೇಟಾಬೇಸ್ ಒಂದು ಬಾರಿಗೆ ಒಂದೇ ಸಂಖ್ಯೆ ಮುಟ್ಟುತ್ತದೆ. ಹೊಸ ಚಿಪ್‌ನ ಅಗಲ ಅದಕ್ಕೆ ಲಾಭವೂ ಅಲ್ಲ, ನಷ್ಟವೂ ಅಲ್ಲ.

ಸ್ಪೆಕ್ ಸಂಸ್ಥೆಯ ಪ್ರೊಸೆಸರ್ ಪರೀಕ್ಷೆಗಳ ಅಂಕಗಳನ್ನು ನೋಡಿ ಯಂತ್ರ ಆರಿಸಿದವರಿಗೆ ನಿರಾಸೆಯಾಗುವುದೂ ಇದೇ ಕಾರಣಕ್ಕೆ. ಆ ಫ್ಲೋಟಿಂಗ್ ಪಾಯಿಂಟ್ ಅಂಕಗಳು ಆಯಾ ಚಿಪ್‌ಗೆಂದೇ ಬಿಗಿಯಾಗಿ ಕಂಪೈಲ್ ಮಾಡಿದ ಪ್ರೋಗ್ರಾಮ್‌ಗಳಿಂದ ಬರುತ್ತವೆ. ರೇಟ್ ಅಂಕ ಇಡೀ ಯಂತ್ರದ ಎಲ್ಲ ಕೋರ್‌ಗಳ ಒಟ್ಟು. ಸಿಪಿಯು2006ರ ಅಂಕವನ್ನು ಸಿಪಿಯು2017ರ ಅಂಕದ ಪಕ್ಕ ಇಟ್ಟು ಹೋಲಿಸುವಂತೆಯೂ ಇಲ್ಲ, ಎರಡೂ ಬೇರೆ ಬೇರೆ ಪರೀಕ್ಷೆಗಳು. ಟಿಪಿಸಿ-ಸಿ ಅಂತೂ ವಹಿವಾಟಿನ ಪರೀಕ್ಷೆ, ಫ್ಲೋಟಿಂಗ್ ಪಾಯಿಂಟ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನ್ಯೂಮರಿಕ್ ಲೆಕ್ಕವೇ ಹೆಚ್ಚಿರುವ ಡೇಟಾಬೇಸ್‌ಗೆ ಪೂರ್ಣಾಂಕ ಪರೀಕ್ಷೆಯ ಒಂಟಿ ಕೋರ್ ವೇಗವೇ ಹತ್ತಿರದ ಸೂಚಿ.

ವರ್ಚುವಲ್ ಯಂತ್ರ, ಲೈಬ್ರರಿ, ಮೆಮೊರಿ

ವರ್ಚುವಲ್ ಯಂತ್ರದ ಒಳಗಿಂದ, ಪ್ರೊಸೆಸರ್‌ನ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಓಡಿಸಿ ಎವಿಎಕ್ಸ್2, ಎಫ್‌ಎಂಎ (ಗುಣಿಸಿ ಕೂಡುವುದನ್ನು ಒಂದೇ ಸೂಚನೆಯಲ್ಲಿ ಮುಗಿಸುವುದು) ಗುರುತುಗಳಿವೆಯೇ ನೋಡಿ. ವಿಎಂವೇರ್‌ನ ಇವಿಸಿ ವ್ಯವಸ್ಥೆ ಇಡೀ ಗುಂಪನ್ನು ಅತಿ ಹಳೆಯ ಯಂತ್ರದ ಮಟ್ಟಕ್ಕೆ ಇಳಿಸಿಟ್ಟಿರಬಹುದು. ಲಿನಕ್ಸ್‌ನದೇ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಕೆವಿಎಂನಲ್ಲಿ ಪ್ರೊಸೆಸರ್ ಮಾದರಿಯನ್ನು ಕ್ಯೂಇಎಂಯು64 ಎಂದು ಬಿಟ್ಟಿದ್ದರೆ 2023ರ ಚಿಪ್ ಕೂಡ ಒಳಗಿನವರಿಗೆ ಎವಿಎಕ್ಸ್ ಕಾಣದ ಮುದುಕನಂತೆಯೇ ತೋರುತ್ತದೆ.

ಎಕ್ಸ್‌ಪೊನೆನ್ಶಿಯಲ್, ಲಾಗರಿದಮ್, ಘಾತ ಫಂಕ್ಷನ್‌ಗಳ ವೇಗ ಪ್ರೊಸೆಸರ್‌ಗಿಂತ ಹೆಚ್ಚಾಗಿ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಆವೃತ್ತಿಯ ಮೇಲೆ ನಿಂತಿದೆ. 2018ರ 2.28ನೇ ಆವೃತ್ತಿಯಲ್ಲಿ ಇವನ್ನು ಹೊಸದಾಗಿ ಬರೆದರು. ಅದಕ್ಕೂ ಹಿಂದೆ ಕೆಲವು ನಿರ್ದಿಷ್ಟ ಸಂಖ್ಯೆಗಳಿಗೆ ಬಹುನಿಖರತೆಯ ನಿಧಾನದ ದಾರಿಯೊಂದು ಇತ್ತು. ಸೆಂಟ್ಒಎಸ್ 7ರಲ್ಲಿ ಇರುವುದು 2.17. ಹೊಸ ಯಂತ್ರದ ಮೇಲೆ ‘ನಮಗೆ ರೂಢಿಯಿದೆ’ ಎಂದು ಹಳೆಯ ವ್ಯವಸ್ಥೆಯನ್ನೇ ಹಾಕಿದವರಿಗೆ ಈ ಭಾಗದಲ್ಲಿ ಹೊಸ ಚಿಪ್‌ನ ಲಾಭ ಪೂರ್ತಿ ಸಿಗುವುದಿಲ್ಲ. ಉಬುಂಟು 16.04ರ 2.23ನೇ ಆವೃತ್ತಿಯಲ್ಲಿ ಇನ್ನೂ ವಿಚಿತ್ರವಾದ ದೋಷವಿತ್ತು. ಎವಿಎಕ್ಸ್ ಇರುವ ಚಿಪ್‌ಗಳಲ್ಲಿ ಗಣಿತ ಫಂಕ್ಷನ್‌ಗಳು ಎಸ್‌ಎಸ್‌ಇ ಮತ್ತು ಎವಿಎಕ್ಸ್ ನಡುವೆ ದಾಟುವ ದಂಡ ತೆತ್ತು ಹಲವು ಪಟ್ಟು ನಿಧಾನವಾಗುತ್ತಿದ್ದವು. ಎಲ್‌ಡಿ ಬೈಂಡ್ ನೌ ಎಂಬ ಪರಿಸರ ಚರಾಂಶವನ್ನು 1 ಎಂದು ಇಟ್ಟಾಗ ನಿಧಾನ ಮಾಯವಾದರೆ ಅದೇ ದೋಷ.

ಸರ್ವರ್ ಜೊತೆಗೆ ಡೇಟಾಬೇಸ್ ಆವೃತ್ತಿಯನ್ನೂ ಏರಿಸಿದ್ದರೆ ಜಿಟ್ ನೆನಪಿರಲಿ. ಪೋಸ್ಟ್‌ಗ್ರೆಸ್ 11ರಲ್ಲಿ ಬಂದ ಅದು 12ರಿಂದ ತಾನಾಗಿ ಚಾಲೂ ಇರುತ್ತದೆ. ಎಕ್ಸ್‌ಪ್ಲೇನ್ ಫಲಿತಾಂಶದ ತಳದಲ್ಲಿ ಜಿಟ್ ಸಮಯ ಕ್ವೆರಿಯ ದೊಡ್ಡ ಪಾಲಾಗಿದ್ದರೆ ಜಿಟ್ ಅಬವ್ ಕಾಸ್ಟ್ ಮಿತಿ ಏರಿಸಿ.

ಮೆಮೊರಿ ವಿಷಯ ಚುಟುಕು. ದೊಡ್ಡ ಟೇಬಲ್ ಕೂಡುವ ಕೆಲಸದಲ್ಲಿ ಪ್ರೊಸೆಸರ್ ಬಹಳ ಹೊತ್ತು ದತ್ತಾಂಶಕ್ಕೆ ಕಾಯುತ್ತದೆ. ಎಎಂಡಿ ಜೆನೊವಾದಲ್ಲಿ ಒಂದು ಸಾಕೆಟ್‌ಗೆ ಹನ್ನೆರಡು ಮೆಮೊರಿ ಚಾನೆಲ್‌ಗಳಿವೆ. ನಾಲ್ಕು ದೊಡ್ಡ ಮಾಡ್ಯೂಲ್ ತುಂಬಿ ‘ಬೇಕಾದಷ್ಟು ಜಿಬಿ ಆಯಿತು’ ಎಂದರೆ ಮೂರನೇ ಎರಡು ಪಾಲು ಚಾನೆಲ್ ಖಾಲಿ ಬಿಟ್ಟಂತೆ. ಮೆಮೊರಿಯ ವೇಗ ಅಳೆಯುವ ಸ್ಟ್ರೀಮ್ ಪರೀಕ್ಷೆ ಓಡಿಸಿ ನೋಡಿ.

ಕಾಲಂ ಆಧಾರಿತ, ಎವಿಎಕ್ಸ್2 ಬಳಸುವ ಡೇಟಾಬೇಸ್ ನಿಮ್ಮದಾಗಿದ್ದು 2023ರ ಆಗಸ್ಟ್ ನಂತರದ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಏರಿಸಿದ ಮೇಲೆ ನಿಧಾನ ಶುರುವಾಗಿದ್ದರೆ ಇಂಟೆಲ್ ಚಿಪ್‌ಗಳ ಡೌನ್‌ಫಾಲ್ ಎಂಬ ಭದ್ರತಾ ದೌರ್ಬಲ್ಯಕ್ಕೆ ಕೊಟ್ಟ ತೇಪೆಯನ್ನು ಸಂಶಯಿಸಿ. ಸ್ಕೈಲೇಕ್‌ನಿಂದ ಐಸ್‌ಲೇಕ್‌ವರೆಗಿನ ಚಿಪ್‌ಗಳಲ್ಲಿ ಅದು ಮೆಮೊರಿಯಲ್ಲಿ ಚದುರಿದ ಬೆಲೆಗಳನ್ನು ಒಟ್ಟಿಗೆ ಎತ್ತುವ ಗ್ಯಾದರ್ ಸೂಚನೆಯನ್ನು ನಿಧಾನಗೊಳಿಸುತ್ತದೆ.

ಪ್ರೊಸೆಸರೇ ಕಾರಣವಾಗಿದ್ದ ಎರಡು ಪ್ರಕರಣ

ಸನ್ ಕಂಪನಿಯ 2005ರ ಅಲ್ಟ್ರಾಸ್ಪಾರ್ಕ್ ಟಿ1 ಎಂಟು ಕೋರ್, ಮೂವತ್ತೆರಡು ಥ್ರೆಡ್‌ಗಳ ಚಿಪ್. ಆ ಎಂಟೂ ಕೋರ್‌ಗಳಿಗೆ ಫ್ಲೋಟಿಂಗ್ ಪಾಯಿಂಟ್ ಘಟಕ ಇದ್ದದ್ದು ಒಂದೇ ಒಂದು. ವೆಬ್ ಮತ್ತು ವಹಿವಾಟಿನ ಕೆಲಸಕ್ಕೆಂದೇ ಮಾಡಿದ ಚಿಪ್ ಅದು, ಸನ್ ಅದನ್ನು ಮುಚ್ಚಿಡಲಿಲ್ಲ. ಕೊಳ್ಳುವ ಮೊದಲು ನಿಮ್ಮ ಕೆಲಸದಲ್ಲಿ ಫ್ಲೋಟಿಂಗ್ ಪಾಯಿಂಟ್ ಸೂಚನೆಗಳ ಪಾಲು ಎಷ್ಟೆಂದು ಅಳೆಯಲು ಕೂಲ್‌ಟಿಎಸ್‌ಟಿ ಎಂಬ ಉಪಕರಣವನ್ನೂ ಕೊಟ್ಟಿತ್ತು. ಒರಾಕಲ್‌ನ ನಂಬರ್ ಲೆಕ್ಕ ಪೂರ್ಣಾಂಕಗಳಲ್ಲೇ ನಡೆಯುವುದರಿಂದ ಬಹಳಷ್ಟು ಡೇಟಾಬೇಸ್ ಕೆಲಸಕ್ಕೆ ಆ ಕೊರತೆ ತಟ್ಟುವಂಥದ್ದಲ್ಲ. ಬೈನರಿ ಡಬಲ್ ಬಳಸುವ ಅಂಕಿಅಂಶದ ಕೆಲಸ ಮಾತ್ರ ಆ ಒಂದೇ ಘಟಕದ ಮುಂದೆ ಸಾಲುಗಟ್ಟಬೇಕಾಗುತ್ತಿತ್ತು. 2007ರ ಟಿ2ನಲ್ಲಿ ಪ್ರತಿ ಕೋರ್‌ಗೂ ಒಂದು ಘಟಕ ಬಂತು.

ಎರಡನೆಯದು ಎಎಂಡಿಯ ಬುಲ್ಡೋಜರ್, 2011. ಆ ವರ್ಷದ ಆಪ್ಟರಾನ್ 6200 ಸಾಲಿನ ಹದಿನಾರು ಕೋರ್‌ನ ಚಿಪ್ ನಿಜಕ್ಕೂ ಎಂಟು ಮಾಡ್ಯೂಲ್‌ಗಳದು, ಪ್ರತಿ ಮಾಡ್ಯೂಲ್‌ನ ಎರಡು ಪೂರ್ಣಾಂಕ ಕೋರ್‌ಗಳು ಒಂದು ಫ್ಲೋಟಿಂಗ್ ಪಾಯಿಂಟ್ ಘಟಕವನ್ನು ಹಂಚಿಕೊಳ್ಳುತ್ತವೆ.

ಇಂಥ ಹಂಚಿಕೆಯನ್ನು ಹಿಡಿಯುವುದು ಸುಲಭ. ಮೊದಲ ಪದರದ ಲೂಪನ್ನು ಒಂದು ಕೋರ್‌ಗೆ ಕಟ್ಟಿ ಓಡಿಸಿ, ಆಮೇಲೆ ಪಕ್ಕದ ಕೋರ್‌ನಲ್ಲೂ ಇನ್ನೊಂದು ಪ್ರತಿ ಓಡಿಸಿ. ಲೂಪ್‌ನಲ್ಲಿ ಒಂದಕ್ಕೊಂದು ಅವಲಂಬಿಸದ ಹಲವು ಮೊತ್ತಗಳಿರಲಿ, ಇಲ್ಲದಿದ್ದರೆ ಘಟಕ ತುಂಬುವುದೇ ಇಲ್ಲ. ಎರಡನೆಯದು ಬಂದಾಗ ಮೊದಲನೆಯದು ನಿಧಾನವಾದರೆ ಹಂಚಿಕೆಯಿದೆ. ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಎರಡು ಥ್ರೆಡ್ ಓಡಿಸುವುದು) ಜೋಡಿಗಳಲ್ಲಿ ಇದು ಇಂದಿಗೂ ಕಾಣುತ್ತದೆ. ಆದ್ದರಿಂದ ಎಲ್‌ಎಸ್‌ಸಿಪಿಯು ತೋರಿಸುವ ಥ್ರೆಡ್ ಸಂಖ್ಯೆಯನ್ನು ಕೋರ್ ಸಂಖ್ಯೆಯೆಂದು ಓದಬೇಡಿ.

ಸೂಚನೆಯ ಮಟ್ಟದಲ್ಲೂ ತಲೆಮಾರುಗಳು ಸದಾ ಮುಂದಕ್ಕೇ ಹೋಗುವುದಿಲ್ಲ. ಡಬಲ್ ಸಂಕಲನಕ್ಕೆ ಇಂಟೆಲ್‌ನ ಬ್ರಾಡ್‌ವೆಲ್‌ನಲ್ಲಿ 3 ಕ್ಲಾಕ್ ಸುತ್ತು ಸಾಕಾಗಿತ್ತು, ಅದರ ನಂತರದ ಸ್ಕೈಲೇಕ್‌ನಲ್ಲಿ 4 ಬೇಕು. ಒಂದರ ಉತ್ತರಕ್ಕೆ ಇನ್ನೊಂದು ಕಾಯುವ ಉದ್ದನೆಯ ಮೊತ್ತದಲ್ಲಿ, ಅದೂ ಬರಿಯ ಲೂಪ್‌ನಲ್ಲಿ, ಇದು ಕಾಣಿಸುತ್ತದೆ. ಪೋಸ್ಟ್‌ಗ್ರೆಸ್ ಒಂದು ಸಾಲನ್ನು ಬಿಡಿಸಿ ಫಂಕ್ಷನ್ ಕರೆಯುವಷ್ಟರಲ್ಲಿ ಖರ್ಚಾಗುವ ಸುತ್ತುಗಳ ನಡುವೆ ಆ ಒಂದು ಸುತ್ತು ಕಣ್ಮರೆಯಾಗುತ್ತದೆ.

ವೇಗ ಸರಿ, ಉತ್ತರ ಬೇರೆ

ಕೆಲವೊಮ್ಮೆ ದೂರು ವೇಗದ್ದಲ್ಲ, ಕೊನೆಯ ಅಂಕಿಯದು. ಹಳೆಯ ಯಂತ್ರದ ವರದಿಗೂ ಹೊಸದರ ವರದಿಗೂ ಹದಿನಾರನೇ ಅಂಕಿಯಲ್ಲಿ ವ್ಯತ್ಯಾಸ. ಕಾರಣ ಬಹುಪಾಲು ಎರಡರಲ್ಲಿ ಒಂದು. ಸಮಾನಾಂತರ ವರ್ಕರ್‌ಗಳು ಕೂಡುವ ಕ್ರಮ ಬದಲಾದರೆ ಫ್ಲೋಟ್8 ಮೊತ್ತವೂ ಬದಲಾಗುತ್ತದೆ. ವರ್ಕರ್‌ಗಳನ್ನು ಸೊನ್ನೆಗೆ ಇಳಿಸಿದಾಗ ವ್ಯತ್ಯಾಸ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಎರಡನೆಯದನ್ನು ನೋಡಿ: ಎಫ್‌ಎಂಎ ಇರುವ ಚಿಪ್‌ನಲ್ಲಿ ಜಿಲಿಬ್‌ಸಿ ಗಣಿತ ಫಂಕ್ಷನ್‌ಗಳ ಬೇರೆ ಪ್ರತಿಯನ್ನು ಓಡುವ ಹೊತ್ತಿನಲ್ಲೇ ಆರಿಸಿಕೊಳ್ಳುತ್ತದೆ. ಇಂಟೆಲ್‌ನಲ್ಲಿ ಎಫ್‌ಎಂಎ ಬಂದದ್ದು 2013ರ ಹ್ಯಾಸ್‌ವೆಲ್‌ನಿಂದ. ಮುಖ್ಯ ಸರ್ವರ್ ಹೊಸ ಚಿಪ್, ಪ್ರತಿರೂಪ ಸರ್ವರ್ ಅದಕ್ಕೂ ಹಿಂದಿನದು ಎಂಬ ಜೋಡಿಯಲ್ಲಿ ಘಾತ ಅಥವಾ ಲಾಗರಿದಮ್ ಮೇಲೆ ಕಟ್ಟಿದ ಎಕ್ಸ್‌ಪ್ರೆಶನ್ ಇಂಡೆಕ್ಸ್ ಅಪಾಯಕಾರಿ. ಇಂಡೆಕ್ಸ್‌ನಲ್ಲಿರುವ ಬೆಲೆಯೂ ಹುಡುಕುವಾಗ ಲೆಕ್ಕ ಹಾಕಿದ ಬೆಲೆಯೂ ಕೊನೆಯ ಬಿಟ್‌ನಲ್ಲಿ ಬೇರೆಯಾದರೆ ಸಾಲು ಇದ್ದರೂ ಸಿಗುವುದಿಲ್ಲ. ಅಂಥ ಎಕ್ಸ್‌ಪ್ರೆಶನ್ ಅನ್ನು ದುಂಡಾಗಿಸಿ ಇಂಡೆಕ್ಸ್ ಮಾಡಿದರೆ ಇದು ಬಹಳ ವಿರಳವಾಗುತ್ತದೆ. ಲೆಕ್ಕವನ್ನು ಕಾಲಂ ಆಗಿ ಬರೆದಿಟ್ಟು, ಹುಡುಕುವಾಗ ಸಮಾನತೆಯ ಬದಲು ಕೆಳಮಿತಿ ಮೇಲ್ಮಿತಿ ಕೊಟ್ಟರೆ ಪೂರ್ತಿ ತಪ್ಪುತ್ತದೆ.

ಅಂಥದೇ ಜೋಡಿಯಲ್ಲಿ, ಪೋಸ್ಟ್‌ಗ್ರೆಸ್‌ಗೆ ವೆಕ್ಟರ್ ಹುಡುಕಾಟ ಸೇರಿಸುವ ಪಿಜಿವೆಕ್ಟರ್ ವಿಸ್ತರಣೆಯನ್ನು ಹೊಸ ಯಂತ್ರದಲ್ಲಿ ಮೂಲದಿಂದ ಕಂಪೈಲ್ ಮಾಡಿ ಹಳೆಯದಕ್ಕೆ ನಕಲಿಸಿದರೆ ನಿಧಾನವಲ್ಲ, ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂದು ಇಡೀ ಡೇಟಾಬೇಸ್ ಬೀಳಬಹುದು. ಏಕೆಂದರೆ ಅದರ ಮೇಕ್‌ಫೈಲ್ ಹಲವು ವ್ಯವಸ್ಥೆಗಳಲ್ಲಿ ಕಟ್ಟುವ ಯಂತ್ರದ ಚಿಪ್‌ಗೆ ತಕ್ಕ ಸೂಚನೆಗಳನ್ನೇ ಆರಿಸುತ್ತದೆ. ಆಪ್ಟ್‌ಫ್ಲ್ಯಾಗ್ಸ್ ಚರಾಂಶವನ್ನು ಖಾಲಿ ಬಿಟ್ಟು ಮತ್ತೆ ಕಂಪೈಲ್ ಮಾಡಿ, ಎರಡೂ ಯಂತ್ರಗಳಿಗೆ ಆ ಪ್ರತಿಯನ್ನೇ ಹಾಕಿ.